ಪಾಳಿಯ ಫೈಲಿಗೆ ಕೀಲಿ

ಸೊಲ್ಲಾಪುರದ ಮೇ ತಿಂಗಳ ಬಿಸಿಲಿನಲ್ಲಿ, ಬಗಲಲ್ಲಿ ಕಂದು ಬಣ್ಣದ ಉಣ್ಣೆಯ ಸ್ವೆಟರ್ ಅವುಚಿಕೊಂಡು ರೈಲಿನಿಂದ ಇಳಿಯುತ್ತಿದ್ದವರು ನಮ್ಮ ಅಕ್ಕಾವರೊಬ್ಬರೇ. ಅದರ ಮೊಳಕೈಯ ತೂತನ್ನು ಹಸಿರು ನೂಲಿನಿಂದ ಹೆಣೆದು ಮುಚ್ಚಿದ್ದರು. ಅಕ್ಕಲಕೋಟದ ಕಡೆಯಿಂದ ಬರುವ ಪ್ಯಾಸೆಂಜರಿಗೆ ಹೋಟಗಿಯಲ್ಲಿ ಹತ್ತಿದವರು ಅದನ್ನು ನೋಡಿ ನಗುತ್ತಿದ್ದರಂತೆ. “ನಗಲಿ ಬಿಡು. ನಾವು ಮಹಾಬಳೇಶ್ವರದ ಥಂಡ್ಯಾಗ ನೌಕರಿ ಮಾಡ್ತೀವಂತ ಅವರಿಗೇನ್ ಗೊತ್ತು” ಎಂದು ಅಕ್ಕಾವರು ನನಗೆ ಹೇಳುತ್ತಿದ್ದರು.

ನಮ್ಮ ಕಂಪ್ಯೂಟರ್ ಕೋಣೆ ಅಷ್ಟು ತಣ್ಣಗಿರುತ್ತಿತ್ತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಬಟ್ಟೆ ಗಿರಣಿ ಕಪಾಟಿನಷ್ಟು ಎತ್ತರದ ಆ ಯಂತ್ರವನ್ನು ತರಿಸಿತ್ತು. ಅದಕ್ಕೆ ಪ್ರೋಗ್ರಾಮ್ ಬರೆಯುವವರು ನಾವಿಬ್ಬರೇ ಹೆಂಗಸರು: ಆಗಷ್ಟೇ ಕಾಲೇಜು ಮುಗಿಸಿದ್ದ ನಾನು, ಮತ್ತು ನನ್ನ ಮೇಲಿನವರಾಗಿದ್ದ ಅಕ್ಕಾವರು. ಗಿರಣಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಮುಂಬೈಯಲ್ಲಿ ಕಲಿತು, ಅಕ್ಕಲಕೋಟದ ಒಕ್ಕಲುತನದ ಮನೆಗೆ ಹಿರಿಸೊಸೆಯಾಗಿ ಬಂದವರು. ಯಂತ್ರ ಕೈಕೊಟ್ಟರೆ ಅದನ್ನು ಮರಾಠಿಯಲ್ಲೇ ಬೈಯುತ್ತಿದ್ದರು. ಕನ್ನಡದಲ್ಲಿ ಬೈದರೆ ಅದಕ್ಕೆ ನಾಟುವುದಿಲ್ಲ ಎಂಬುದು ಅವರ ನಂಬಿಕೆ.

ಮುಂದಿನ ವಾರ ಯಾರಿಗೆ ಹಗಲು ಪಾಳಿ, ಯಾರಿಗೆ ರಾತ್ರಿ ಪಾಳಿ ಎಂದು ಪ್ರತಿ ಶನಿವಾರ ನಮ್ಮ ಪ್ರೋಗ್ರಾಮು ಸರದಿಯಂತೆ ಹಂಚಿ ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು. ಆಮೇಲೆ ನಾವು ಟರ್ಮಿನಲ್ಲಿನ ಮುಂದೆ ಕುಳಿತು, ಆ ಫೈಲನ್ನು ಬೇರೆಯವರು ತಿದ್ದದಂತೆ ಒಂದು ಆಜ್ಞೆ ಕೊಡಬೇಕಿತ್ತು. ಅದಕ್ಕೆ ನಾವು ಕೀಲಿ ಹಾಕುವುದು ಎನ್ನುತ್ತಿದ್ದೆವು. ಸೋಮವಾರ ಫೈಲನ್ನು ಅಚ್ಚುಹಾಕಿ ಗೇಟಿಗೆ ಅಂಟಿಸುತ್ತಿದ್ದರು.

ಒಂದು ಸೋಮವಾರ ನೇಕಾರನೊಬ್ಬ ನಮ್ಮ ಬಾಗಿಲಲ್ಲಿ ನಿಂತಿದ್ದ. ಅವನ ಹೆಂಡತಿ ಹಸಿಬಾಣಂತಿ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಹಗಲು ಪಾಳಿ ಬರಬೇಕಾದವನಿಗೆ ಮತ್ತೆ ರಾತ್ರಿ ಪಾಳಿ ಬಿದ್ದಿತ್ತು. ಅಕ್ಕಾವರು ಫೈಲು ತೆರೆದು ನೋಡಿದರು. ಪ್ರೋಗ್ರಾಮು ಸರಿಯಾಗಿಯೇ ಬರೆದಿತ್ತು. ನಂತರ ಯಾರೋ ಇನ್ನೊಂದು ಟರ್ಮಿನಲ್ಲಿನಿಂದ ಅವನ ಹೆಸರು ಅದಲುಬದಲು ಮಾಡಿದ್ದರು. ಶನಿವಾರ ಗಾಡಿ ಹಿಡಿಯುವ ಗಡಿಬಿಡಿಯಲ್ಲಿ ಅಕ್ಕಾವರು ಕೀಲಿ ಹಾಕುವುದನ್ನೇ ಮರೆತಿದ್ದರು. ಅದನ್ನು ಅವನೆದುರೇ ಒಪ್ಪಿಕೊಂಡು, ತಾವೇ ಅವನ ಜೊತೆ ನೇಯ್ಗೆ ವಿಭಾಗಕ್ಕೆ ಹೋಗಿ ಪಾಳಿ ಸರಿಪಡಿಸಿ ಬಂದರು.

ಇದನ್ನು ಮಾಡಿದವರನ್ನು ಹಿಡಿಯಲೇಬೇಕೆಂದು ನಾನು ಸಿಟ್ಟಿನಿಂದ ಹಾರಾಡಿದೆ.

“ಯಾರು ಮಾಡಿದ್ರು ಅನ್ನೂದು ಆಮ್ಯಾಲೆ, ತಂಗಿ,” ಎಂದರು. “ಮಾಡಾಕ ಹಾದಿ ಯಾಕ ಇತ್ತು ಅನ್ನೂದು ಮೊದಲು ನೋಡು. ಕದಾ ಹಾಕೂದು ನನ್ನ ನೆನಪಿನ ಮ್ಯಾಲೆ ಬಿಟ್ಟಿದ್ದೇ ತಪ್ಪು.”

ಅಂದೇ ಸ್ವೆಟರ್ ಏರಿಸಿ ಕುಳಿತು, ಆ ಆಜ್ಞೆಯನ್ನು ಪ್ರೋಗ್ರಾಮಿನ ಒಳಗೇ ಬರೆದರು. ಫೈಲು ಬರೆದು ಮುಗಿಯುತ್ತಲೇ ಪ್ರೋಗ್ರಾಮೇ ಅದರ ಪರವಾನಗಿ ಬದಲಿಸಬೇಕು: ಓದಲು ಎಲ್ಲರಿಗೂ ಉಂಟು, ತಿದ್ದಲು ಯಾರಿಗೂ ಇಲ್ಲ. ಆ ಶನಿವಾರ ಅದು ಚೆನ್ನಾಗಿ ನಡೆಯಿತು. ಮುಂದಿನ ಶನಿವಾರ ಪ್ರೋಗ್ರಾಮು ಅರ್ಧಕ್ಕೇ ನಿಂತುಬಿಟ್ಟಿತು. ಹೊಸ ಪಾಳಿಯನ್ನೂ ಅದೇ ಫೈಲಿನಲ್ಲಿ ಬರೆಯಬೇಕಿತ್ತು; ತಿದ್ದಲು ಯಾರಿಗೂ ಇಲ್ಲ ಎಂದರೆ ಪ್ರೋಗ್ರಾಮಿಗೂ ಇಲ್ಲವಲ್ಲ! ಹೊರಗೆ ಮ್ಯಾನೇಜರು ಕಾಯುತ್ತಿದ್ದರೂ ಅಕ್ಕಾವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. “ಕೀಲಿ ಹಾಕಿ, ಕೀಲಿಕೈ ಒಳಗ ಬಿಟ್ಟು ಬಂದೀನಿ ನೋಡು.” ಮೊದಲು ತೆರೆಯುವುದು, ಬರೆಯುವುದು, ಮತ್ತೆ ಮುಚ್ಚುವುದು ಎಂದು ಸರಿಪಡಿಸಿದ ಮೇಲೆ ಅದು ಎಂದೂ ತಪ್ಪಲಿಲ್ಲ.

ಆದರೆ ಆ ಕೀಲಿ ತೆಗೆಯುವುದು ಅಕ್ಕಾವರಿಗೆ ಒಂದು ಸಾಲಿನ ಕೆಲಸ ಎಂಬುದು ಅವರ ಮೈದುನನಿಗೆ ಗೊತ್ತಾಯಿತು. ಅವನು ನಮ್ಮ ಗಿರಣಿಯಲ್ಲೇ ಮಗ್ಗದ ಮೇಲಿದ್ದ, ಸೊಲ್ಲಾಪುರದಲ್ಲೇ ಕೋಣೆ ಹಿಡಿದಿದ್ದ, ಜೊತೆಗೆ ಪೈಲವಾನ. ಬರುವ ರವಿವಾರ ನಾಗಣಸೂರಿನಲ್ಲಿ ಅವನ ಕುಸ್ತಿ, ಅದೇ ವಾರ ಅವನಿಗೆ ರಾತ್ರಿ ಪಾಳಿ.

“ವೈನಿ, ಕೀಲಿ ನಿಮ್ಮ ಕೈಯಾಗ ಐತಲ್ರಿ,” ಎಂದು ಹಗಲು ಪಾಳಿಗಾಗಿ ಅತ್ತಿಗೆಯ ಬೆನ್ನುಹತ್ತಿದ.

“ನನ್ನ ಕೈಯಾಗ ಐತಿ ಅಂತನ ಬ್ಯಾಡ ಅನ್ನಾಕತ್ತೀನಿ.”

ಯಾರಾದರೂ ಒಪ್ಪಿದರೆ ಸಾಹೇಬರ ಮುಂದೆ ಹೇಳಿ ಪಾಳಿ ಬದಲಿಸಿಕೋ ಎಂದು ಹಾದಿಯನ್ನೂ ತೋರಿಸಿದರು. ಅವನು ಬಿಂಕದಿಂದ ಯಾರನ್ನೂ ಕೇಳಲಿಲ್ಲ. ಆ ವಾರವೆಲ್ಲ ಅಕ್ಕಾವರು ಅಕ್ಕಲಕೋಟದಿಂದ ಅವನಿಗೆ ತುಪ್ಪ, ಬದಾಮಿ, ಕಟಕ ರೊಟ್ಟಿ ಹೊತ್ತು ತಂದರು. ರವಿವಾರ ಅವನು ಚಿತ್ ಆಗಿ ಬಂದ. ವೈನಿ ನಿದ್ದೆಗೆಡಿಸಿ ಸೋಲಿಸಿದಳೆಂದು ಬಂದ ಬೀಗರಿಗೆಲ್ಲ ವರ್ಷಗಟ್ಟಲೆ ಹೇಳಿದ. ಅಕ್ಕಾವರು ಹೌದೆಂದು ತಲೆಯಾಡಿಸಿ ಚಹಾ ಕೊಡುತ್ತಿದ್ದರಂತೆ.

ಅವರು ತೀರಿಕೊಂಡ ಸುದ್ದಿ ಕೇಳಿ ನಾನು ಅಕ್ಕಲಕೋಟಕ್ಕೆ ಹೋದಾಗ, ಮೀಸೆ ಬೆಳ್ಳಗಾಗಿದ್ದ ಆ ಮೈದುನ ನನ್ನನ್ನು ಪಡಸಾಲೆಯಲ್ಲಿ ಕೂರಿಸಿದ. “ಅವತ್ತ ನಾ ನಿದ್ದಿಗೆಟ್ಟು ಸೋತಿದ್ದು ಅಲ್ರಿ. ಎದುರಿನಾಂವ ನನಗಿಂತ ಚಲೋ ಇದ್ದ. ಇದನ್ನ ವೈನಿಗೆ ಹೇಳಬೇಕಂತ ಮಾಡಿದ್ದೆ, ಆಗಲಿಲ್ಲ” ಎಂದ.

ಅವರಿಗೆ ಗೊತ್ತಿತ್ತು ಎಂದು, ಅವರ ಮಾತನ್ನೇ ಅವನಿಗೆ ಹೇಳಿದೆ. ಕುಸ್ತಿಯ ಮರುದಿನವೇ ನನಗೆ ಹೇಳಿದ್ದರು: “ಎದುರಿನ ಹುಡುಗ ಖರೇನ ಚಲೋ ಹಿಡಿದನಂತ. ನಮ್ಮಾಂವ ತಪ್ಪು ನನ್ನ ಮ್ಯಾಲೆ ಹಾಕ್ಯಾನ. ಹಾಕಲಿ ತಗೋ, ಅವಂಗ ಸಮಾಧಾನ ಆಕ್ಕೈತಿ.”

ಅವನು ಮೊದಲು ನಕ್ಕ. ಆಮೇಲೆ ಎದ್ದು, ನನಗೆ ಚಹಾ ತರುತ್ತೇನೆಂದು ಒಳಗೆ ಹೋದವನು, ಬಹಳ ಹೊತ್ತು ಬರಲಿಲ್ಲ.