ಸೇತುವೆ ಮುಗಿಯುವವರೆಗೆ

ಆ ಕಾಲದಲ್ಲಿ ನಮ್ಮೂರಿನ ಹತ್ತಿರ ರೈಲು ನಿಲ್ಲುತ್ತಿರಲಿಲ್ಲ. ಈಗಲೂ ಊರಿಗೆಂದು ನಿಲ್ಲುವುದಿಲ್ಲ. ನಡುವೆ ಒಂದು ಸಲ, ಯುಗಾದಿ ಆದ ಮೇಲಿಂದ ಸಂಕ್ರಾಂತಿ ಕಳೆಯುವವರೆಗೆ, ನಿಂತಿತು. ನಾನು ಹೇಳುವುದು ಆ ದಿನಗಳ ಮಾತು.

ಗೌರಿಬಿದನೂರಿಗೆ ಹೋಗುವ ಹಳಿ ನಮ್ಮ ಹೊಲದ ಅಂಚಿನಲ್ಲೇ ಹಾದು, ಕಬ್ಬಿಣದ ಸೇತುವೆಯ ಮೇಲೆ ಪಿನಾಕಿನಿ ಹೊಳೆಯನ್ನು ದಾಟುತ್ತಿತ್ತು. ಹೊಳೆ ಅಂದರೆ ನೀರು ಎಂದುಕೊಳ್ಳಬೇಡಿ. ಮಳೆ ಬಂದ ನಾಲ್ಕು ದಿನ ಬಿಟ್ಟರೆ ಅದು ಬರೀ ಮರಳು. ಸೇತುವೆ ನಮ್ಮಜ್ಜಿ ಮದುವೆಯಾಗಿ ಬರುವುದಕ್ಕೂ ಮೊದಲಿನದು. ರೈಲು ಬಂದರೆ ಮುದುಕರು ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತಿತ್ತು. ನಾವು ಮಕ್ಕಳು ಅದರ ನೆರಳಿನಲ್ಲಿ ಕುಂಟೆಬಿಲ್ಲೆ ಆಡುವಾಗ ತುಕ್ಕಿನ ಪುಡಿ ತಲೆಗೆ ಉದುರುವುದು. ಸಂಜೆ ತಲೆ ಬಾಚುವಾಗ ಅಮ್ಮ ಅದೇ ಬಾಚಣಿಗೆಯಿಂದ ಬೆನ್ನಿಗೂ ಒಂದು ಕೊಡುವಳು.

ನಾನು ಏಳನೇ ಕ್ಲಾಸು ಪಾಸಾದ ಬೇಸಿಗೆಯಲ್ಲಿ ಆ ಸೇತುವೆಯನ್ನು ಬದಲಿಸಲು ಜನ ಬಂದರು. ಹೆಚ್ಚಿನವರು ಹಿಂದೂಪುರದ ಆಚೆಯ ತೆಲುಗಿನವರು. ಹೊಳೆಯ ದಡದಲ್ಲೇ ತಗಡಿನ ಗುಡಿಸಲು ಹಾಕಿಕೊಂಡರು. ರೈಲನ್ನು ಪೂರ್ತಿ ನಿಲ್ಲಿಸಿ ಕೆಲಸ ಮಾಡುವ ಹಾಗಿರಲಿಲ್ಲ, ಅಷ್ಟು ಜನ ಆ ಲೈನನ್ನೇ ನಂಬಿದ್ದರು. ಮಿಲ್ಲಿನವರು, ಹಾಲಿನ ಕ್ಯಾನಿನವರು, ಹಿಂದೂಪುರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಒಯ್ಯುವವರು, ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. ಹಾಗಾಗಿ ಎರಡು ರೈಲುಗಳ ನಡುವಿನ ಬಿಡುವಿನಲ್ಲಿ ಹಳೆಯ ತೊಲೆ ಇಳಿಸುವುದು, ಹೊಸದು ಕೂರಿಸುವುದು. ಕೆಲಸ ಮುಗಿಯುವ ತನಕ ಪ್ರತಿ ರೈಲೂ ಸೇತುವೆಗೆ ಮುಂಚೆ ನಿಂತು, ಬಾವುಟದವನು ಕೆಂಪು ಇಳಿಸಿ ಹಸಿರು ತೋರಿಸಿದ ಮೇಲೆ ನಡಿಗೆಯ ವೇಗದಲ್ಲಿ ದಾಟಬೇಕು.

ಹೈಸ್ಕೂಲು ಇದ್ದದ್ದು ಹೊಳೆಯ ಆಚೆ, ಗೌರಿಬಿದನೂರಿನಲ್ಲಿ. ಊರಿಗೆ ಬಸ್ಸಿರಲಿಲ್ಲ. ಹೆಣ್ಣುಮಗಳು ಅಷ್ಟು ದೂರ ನಡೆಯುವುದು ಬೇಡ, ಏಳನೇ ಕ್ಲಾಸು ಸಾಕು ಎಂದು ಅಪ್ಪ ಹೇಳಿಬಿಟ್ಟಿದ್ದ. ಒಂದು ದಿನ ಅವನಿಗೆ ಮುದ್ದೆ ಬಡಿಸುತ್ತಾ ಅಮ್ಮ ಮಾತು ತೆಗೆದಳು.

“ರೈಲೇ ಹೊಲದ ತಾವ ಬಂದು ನಿಂತ್ಕೊಂತೈತೆ. ಹತ್ಸಿ ಕಳ್ಸಕ್ಕೇನು ಕಷ್ಟ?”

“ಅದೇನು ನಿನ್ ಮಗ್ಳಿಗೋಸ್ಕರ ನಿಲ್ತೈತಾ?”

“ಯಾರಿಗೋಸ್ಕರಾನೋ ನಿಲ್ಲಲಿ. ನಿಲ್ತೈತಲ್ಲ.”

ಅಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದ. “ಸೇತುವೆ ಮುಗಿಯೋಗಂಟ ಹೋಗ್ಲಿ. ಅದು ಮುಗಿದ ದಿನ ಇವಳ ಓದೂ ಮುಗೀತು. ಆಮೇಲೆ ನನ್ ತಲೆ ತಿನ್ಬಾರ್ದು.”

ಹಾಗೆಂದವನು ಮಾರನೇ ದಿನ ಹಿಂದಿನ ಸ್ಟೇಷನ್ನಿಗೆ ನಡೆದುಹೋಗಿ ನನಗೆ ಪಾಸು ಮಾಡಿಸಿಕೊಂಡು ಬಂದ. ಕದ್ದು ರೈಲು ಹತ್ತುವುದು ಅವನಿಗೆ ಆಗದು.

ಪ್ಲಾಟ್‌ಫಾರ್ಮ್ ಇಲ್ಲದ ಕಡೆ ರೈಲಿನ ಮೆಟ್ಟಿಲು ಎದೆಯ ಎತ್ತರಕ್ಕೆ ಬರುತ್ತದೆ. ಕೆಳಗಿಂದ ಅಮ್ಮ ದೂಡುವಳು, ಮೇಲಿಂದ ಹೂವಿನ ಬುಟ್ಟಿಯ ಹೆಂಗಸೊಬ್ಬಳು ರಟ್ಟೆ ಹಿಡಿದು ಎಳೆದುಕೊಳ್ಳುವಳು. “ಎಷ್ಟು ಹಗುರ ಇದ್ದೀಯೇ, ಉಣ್ಣಕ್ಕಿಕ್ಕಲ್ವಾ ನಿಮ್ಮಮ್ಮ?” ಎಂದು ಅವಳು ದಿನವೂ ಕೇಳುವಳು. ಕೆಳಗೆ ನಿಂತು ಅಮ್ಮ ದಿನವೂ ಅವಳನ್ನು ಬೈಯುವಳು. ಗಾಡಿಯೊಳಗೆ ಹಸಿ ಹಾಲು, ರೇಷ್ಮೆಗೂಡು, ಮಲ್ಲಿಗೆ ಎಲ್ಲ ಕಲೆತ ಒಂದು ವಾಸನೆ. ಚಳಿ ಬಿದ್ದ ಮೇಲೆ ಅದಕ್ಕೆ ಅವರೆಕಾಯಿಯ ಸೊಗಡು ಸೇರಿತು.

ಚಳಿಗಾಲದ ಬೆಳಿಗ್ಗೆ ಹೊಳೆಯ ತುಂಬ ಮಂಜು. ಬತ್ತಿದ ಹೊಳೆ ಆ ಒಂದು ಗಳಿಗೆ ದಡದಿಂದ ದಡಕ್ಕೆ ತುಂಬಿಕೊಂಡಿದೆ ಅನ್ನಿಸುವುದು. ರೈಲು ಹೆಜ್ಜೆಹೆಜ್ಜೆಯಾಗಿ ಅದರ ಮೇಲೆ ತೇಲುವುದು. ಅಷ್ಟು ಹೊತ್ತು ಜಗಳವಾಡುತ್ತಿದ್ದವರೂ ಕಿಟಕಿಗೆ ತಿರುಗುವರು. ತೊಲೆಯ ಮೇಲೆ ಕಾಲು ಇಳಿಬಿಟ್ಟು ಕೂತ ಕೆಲಸದವರ ಸೊಂಟದ ಕೆಳಗೆ ನಮಗೆ ಏನೂ ಕಾಣದು, ಅರ್ಧ ಮನುಷ್ಯರು ಬೀಡಿ ಸೇದುತ್ತಾ ನಮ್ಮನ್ನು ನೋಡುವರು. ಗುಡಿಸಲುಗಳ ಒಲೆಯ ಹೊಗೆ ಬಿಳಿ ಮಂಜಿನೊಳಗಿಂದ ನೀಲಿಯಾಗಿ ಏಳುವುದು. ನಾವು ಮುಂದೆ ಹೋಗುತ್ತಿದ್ದೇವೋ, ಸೇತುವೆಯೇ ಹಿಂದೆ ಸರಿಯುತ್ತಿದೆಯೋ ತಿಳಿಯದು. ಈ ವಯಸ್ಸಿನಲ್ಲೂ ನನಗೆ ಒಳ್ಳೆಯ ಕನಸು ಬಿದ್ದರೆ ಅದೇ. ಕನಸಿನಲ್ಲಿ ರೈಲು ಆಚೆಯ ದಡ ಮುಟ್ಟುವುದೇ ಇಲ್ಲ.

ಬಾವುಟ ಹಿಡಿಯುವವನು ಒಬ್ಬ ಮುದುಕ. ನಾನು ತಾತ ಎನ್ನುತ್ತಿದ್ದೆ. “ತಾತ, ಇನ್ನೆಷ್ಟು ದಿನ ಆಗ್ತದೆ?” ಎಂದು ದಿನವೂ ಕೇಳುವೆ. ನನಗೆ ಅವಸರ ಎಂದುಕೊಂಡು ಅವನು ಸಮಾಧಾನ ಮಾಡುವನು.

“ಅಯಿಪೋತುಂದಿ ತಲ್ಲೀ, ಬೇಗ ಮುಗಿದೋಗ್ತದೆ. ಆಮೇಲೆ ನಿನ್ ರೈಲು ಹಿಂಗೆ ಕಾಯೋದೇ ಇಲ್ಲ. ಗಾಳಿ ಹಂಗೆ ಹೋಗ್ತದೆ.”

ಅವನು ಸಮಾಧಾನ ಮಾಡಿದಷ್ಟೂ ನಾನು ಇನ್ನೂ ಉಳಿದಿರುವ ಹಳೆಯ ತೊಲೆಗಳನ್ನು ಎಣಿಸುವೆ. ಮಳೆಗೆ ಹೊಳೆಯಲ್ಲಿ ನೀರು ಬಂದು ಕೆಲಸ ನಿಂತಾಗ ಎಲ್ಲರೂ ಪೇಚಾಡಿದರು, ನಾನೊಬ್ಬಳು ಕುಣಿದೆ.

ರೈಲು ನಿಲ್ಲುವ ಜಾಗದ ಪಕ್ಕದಲ್ಲಿ ಕೆಲಸದವರು ಒಂದು ಕಲ್ಲು ನಿಲ್ಲಿಸಿ, ಅರಿಶಿನ ಬಳಿದು, ಗಂಗಮ್ಮ ಎಂದು ಪೂಜೆ ಮಾಡುತ್ತಿದ್ದರು. ನೀರಿನ ಜಾಗಕ್ಕೆ ಕೈ ಹಾಕುವವರ ಪದ್ಧತಿ ಅದು. ಡ್ರೈವರುಗಳು ಹೇಗೂ ನಿಂತಿರುತ್ತಿದ್ದರಲ್ಲ, ಒಂದು ಕೈ ಮುಗಿಯುವರು. ಅದನ್ನು ನೋಡಿ ನೋಡಿ ನಮ್ಮೂರ ಹೆಂಗಸರಿಗೆ ಬೇರೆಯೇ ನಂಬಿಕೆ ಹುಟ್ಟಿತು. ರೈಲು ನಿಲ್ಲುವುದು ಸೇತುವೆಗಲ್ಲ, ಗಂಗಮ್ಮನಿಗೆ. ಇದನ್ನು ಮೊದಲು ಹೇಳಿದವಳು ನಮ್ಮಜ್ಜಿ, ಅಪ್ಪನ ತಾಯಿ.

“ಬಟ್ಟೆ ತುಂಡಿಗೆ ಯಾವನು ಹೆದರ್ತಾನೆ? ಈಯಮ್ಮನ್ನ ದಾಟ್ಕಂಡು ಹೋಗೋ ಧೈರ್ಯ ಯಾವ ಡ್ರೈವರ್‌ಗೂ ಇಲ್ಲ. ಸೇತುವೆ ಆದ್ರೂ ನಿಲ್ತೈತೆ, ನೋಡ್ತಿರು.”

ನಾನು ನಂಬಿದೆ. ನಂಬುವುದೇ ನನಗೆ ಅನುಕೂಲವಾಗಿತ್ತು.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಕೊನೆಯ ತೊಲೆ ಕೂತಿತು. ತಾತ ಬಾವುಟ ಸುತ್ತಿಟ್ಟು, “ನಾಳೆಯಿಂದ ಇಲ್ಲಿ ನಿಲ್ಲಲ್ಲ ತಲ್ಲೀ” ಎಂದು ಒಳ್ಳೆಯ ಸುದ್ದಿಯ ಹಾಗೆ ಹೇಳಿದ. ಆ ಸಂಜೆ ಅಜ್ಜಿ ಮನೆಮನೆಗೆ ಹೋಗಿ ಹೇಳಿ ಬಂದಳು. ಮಾರನೇ ಬೆಳಿಗ್ಗೆ ಊರ ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಕಲ್ಲಿನ ಹಿಂದೆ ಸಾಲಾಗಿ ನಿಂತರು. ಅಕ್ಕಿಹಿಟ್ಟು, ಬೆಲ್ಲ ಕಲಸಿ ಮಾಡಿದ ದೀಪಗಳು. ಮಂಜಿನೊಳಗೆ ತುಪ್ಪ ಉರಿಯುವ ವಾಸನೆ. ನಾನು ನೀಲಿ ಲಂಗ ತೊಟ್ಟು, ಚೀಲ ಹಾಕಿಕೊಂಡು ಎಲ್ಲರ ಮುಂದೆ. ಅಪ್ಪ ಟವೆಲ್ಲು ಹೊದ್ದು ದೂರದ ಬದುವಿನ ಮೇಲಿದ್ದ.

“ನಿಂತ್ರೆ ಹತ್ತಿಸ್ಲಾ?” ಎಂದು ಅಮ್ಮ ಕೂಗಿ ಕೇಳಿದಳು.

“ನಿಂತ್ರೆ ನಾನೇ ಎತ್ತಿ ಕೂರಿಸ್ತೀನಿ.”

ಹಳಿ ಮೊದಲು ಸಣ್ಣಗೆ ಗುಂಯ್ ಅಂದಿತು. ಮಂಜಿನಲ್ಲಿ ಒಂದು ದೀಪ ಹುಟ್ಟಿ ದೊಡ್ಡದಾಯಿತು. ದೊಡ್ಡದಾಗುತ್ತಲೇ ಬಂತು, ನಿಧಾನವಾಗಲಿಲ್ಲ. ಡ್ರೈವರ್ ಉದ್ದಕ್ಕೆ ಒಂದು ಕೂಗು ಹಾಕಿಸಿ, ಕಿಟಕಿಯಲ್ಲಿ ಕೈಯನ್ನು ಎದೆಗೆ ಹಚ್ಚಿ ಹಣೆಗೆ ಮುಟ್ಟಿಸಿಕೊಂಡ. ಆಮೇಲೆ ಬರೀ ಗಾಳಿ. ಆರತಿಗಳೆಲ್ಲ ಒಮ್ಮೆಗೇ ಆರಿದವು. ಬಾಗಿಲಲ್ಲಿ ಹೂವಿನ ಹೆಂಗಸು ಕಂಡಳು, ಅಭ್ಯಾಸಕ್ಕೆ ಕೈ ಅರ್ಧ ಚಾಚಿದ್ದಳು. ರೈಲು ಹೊಸ ಸೇತುವೆಯ ಮೇಲೆ ಹೋದ ಸದ್ದೂ ಸರಿಯಾಗಿ ಕೇಳಲಿಲ್ಲ.

ಅಜ್ಜಿಗೆ ಮಾತ್ರ ತೃಪ್ತಿ. “ನೋಡಿದ್ರೇನ್ರೇ, ಕೈ ಮುಗ್ದ.”

“ನಿಲ್ಲಿಲ್ವಲ್ಲ ಅಜ್ಜಿ.”

“ಅವನ ಕೆಲ್ಸ ಅವನಿಗೆ ಕಣೇ. ಕೈ ಮುಗ್ದನಲ್ಲ, ಈಯಮ್ಮಂಗೆ ಅಷ್ಟು ಸಾಕು.”

ಅಪ್ಪ ಬದುವಿನಿಂದ ಇಳಿದು ಬಂದ. ಅಮ್ಮ ಅಡ್ಡ ನಿಂತಳು. “ಪರೀಕ್ಷೆಗೆ ಎರಡೇ ತಿಂಗ್ಳು. ಹಿಂದಿನ ಸ್ಟೇಷನ್‌ಗೆ ನಡ್ಕೊಂಡು ಹೋಗಿ ಹತ್ತಲಿ” ಎಂದಳು.

“ಆಮೇಲೆ ಒಂಬತ್ತು ಅಂತೀಯ, ಹತ್ತು ಅಂತೀಯ. ಮಾತು ಅಂದ್ರೆ ಮಾತು.”

ಅವನು ನನ್ನ ಹೆಗಲಿನಿಂದ ಚೀಲ ತೆಗೆದುಕೊಂಡು ಮುಂದೆ ನಡೆದ. ನಾನು ಕಲ್ಲಿನ ಪಕ್ಕ ಕೂತು ಅತ್ತೆ. ಅಳುತ್ತಲೇ ಎರಡು ತಂಬಿಟ್ಟು ತಿಂದೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಹೊಸ ಸೇತುವೆಗೂ ಈಗ ವಯಸ್ಸಾಗಿ, ಮತ್ತೆ ಬದಲಿಸುತ್ತಿದ್ದಾರೆ. ಹಗಲಲ್ಲೇ ಕೆಲವು ಗಂಟೆ ಲೈನು ಮುಚ್ಚಿ, ದೊಡ್ಡ ಕ್ರೇನಿನಲ್ಲಿ ಸಿಮೆಂಟಿನ ಹಲಗೆ ಎತ್ತಿ ಕೂರಿಸುತ್ತಾರೆ. ಹೊಳೆಯಲ್ಲಿ ಮರಳೂ ಉಳಿದಿಲ್ಲ, ಲಾರಿಗಳು ಒಯ್ದವು. ಜಾಲಿ ಬೆಳೆದ ಗುಂಡಿಗಳಲ್ಲಿ ಮಂಜು ಅಲ್ಲಲ್ಲಿ ಹರಿದುಹೋಗಿ ನಿಲ್ಲುತ್ತದೆ. ಊರಿಗೆ ಬಸ್ಸು ಬಂದಿದೆ, ಹೈಸ್ಕೂಲೂ ಬಂದಿದೆ. ಅದು ಒಳ್ಳೆಯದೇ.

ಮೊನ್ನೆ ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರಕ್ಕೆ ಹೊರಟಿದ್ದೆ. ಸೇತುವೆ ಹತ್ತಿರ ರೈಲು ನಿಂತಿತು. ಗಾಡಿ ತುಂಬಾ ಜನ ಮೊಬೈಲಿನಲ್ಲಿ ಗಂಟೆ ನೋಡಿಕೊಂಡು ಗೊಣಗಿದರು. ಎದುರಿಗೆ ಒಬ್ಬ ಹುಡುಗಿ, ಕೊರಳಲ್ಲಿ ಆಫೀಸಿನ ಕಾರ್ಡು.

“ದಿನಾ ಇದೇ ಗೋಳು ಅಜ್ಜಿ. ಯಾವಾಗ ಮುಗಿಸ್ತಾರೋ ಈ ಸೇತುವೇನ.”

“ನಿಧಾನಕ್ಕೆ ಮುಗೀಲಿ ಬಿಡಮ್ಮ” ಎಂದೆ.

ಅವಳು ನನ್ನನ್ನು ಒಂದು ಥರ ನೋಡಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು. ಅವಳ ತಪ್ಪಲ್ಲ. ಅವಳಿಗೆ ಅದು ಬರೀ ತಡ. ನನಗೆ ಆ ತಡವೇ ಎಂಟನೇ ಕ್ಲಾಸು. ಅದರಲ್ಲೂ ಮುಕ್ಕಾಲು.