ಕಾಗವಾಡದಿಂದ ನಿಪ್ಪಾಣಿಗೆ ಒಂದು ಕೌದಿ

ನೇಪಾಳದಿಂದ ಬಂದ ದಿಲ್‌ಮಾಯಾಳನ್ನು ಮಿರಜ ಸ್ಟೇಷನ್ನಿನಲ್ಲಿ ಇಳಿಸಿಕೊಂಡು, ಕಾಗವಾಡದಲ್ಲಿ ನಾವಿಬ್ಬರೂ ಅಥಣಿ ಬಸ್ಸು ಹತ್ತಿದಾಗ ಇನ್ನೂ ಮಂಜು ಸರಿದಿರಲಿಲ್ಲ. ಮೊಮ್ಮಕ್ಕಳೇ, ಆಗ ನಿಮ್ಮ ತಾಯಿ ಹೈಸ್ಕೂಲಿನಲ್ಲಿದ್ದಳು. ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಹೊಲಿಯುವ ಅರಿವೆಯ ಗಂಟು ನನ್ನ ತೊಡೆಯ ಮೇಲಿತ್ತು.

"ಬಾಯಾರ, ಆ ಗಂಟಿಗೂ ಟಿಕೀಟ ತಗೀರಿ. ಒಳಗ ಯಾರರೆ ಮಲಗ್ಯಾರೋ ಏನೋ!" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ನಾನು ತಲೆ ತಗ್ಗಿಸಿ ಟಿಕೇಟು ತೆಗೆಸಿದೆ.

ಚಿಕ್ಕೋಡಿಯ ನಮ್ಮ ಸೇವಾ ಕ್ಲಬ್ಬು ದಿಲ್‌ಮಾಯಾಳ ಗುಡ್ಡದ ಹಳ್ಳಿಗೆ ಚಳಿಗಾಲದಲ್ಲಿ ಕಂಬಳಿ ಕಳಿಸುತ್ತಿತ್ತು. ಅವು ಹರಿದ ಮೇಲೆ ಮತ್ತೆ ಬೇಡಿಕೆ ಬರುತ್ತಿತ್ತು. ಹಳೆಯ ಸೀರೆಗಳನ್ನು ಪದರಾಗಿ ಹಾಸಿ ಕೌದಿ ಹೊಲಿಯುವುದನ್ನು ಕಲಿಸಿದರೆ ಅವರೇ ಹೊಲಿದು ಹೊದ್ದಾರು, ಮಾರಿಯಾರು ಎಂದು ನಾನು ಕ್ಲಬ್ಬಿನ ಅಧ್ಯಕ್ಷ ಶಾಂತಿನಾಥಣ್ಣನ ಹೆಂಡತಿಯ ಕಿವಿಯಲ್ಲಿ ಹೇಳಿದ್ದೆ. ಅದು ಸಭೆಗೆ ಹೋಗಿ, ಈ ಹುಡುಗಿಯನ್ನು ಕರೆಸಿದರು. ನಾಲ್ಕನೆಯ ದಿನ ನಿಪ್ಪಾಣಿಯ ಸಭೆಯಲ್ಲಿ ಅವಳ ಕೈಯಿಂದಲೇ ಒಂದು ಸಣ್ಣ ಕೌದಿ ಮುಗಿಯಬೇಕು. ಮುಗಿದರೆ ಅವಳ ಹಳ್ಳಿಗೆ ಹೊಲಿಗೆ ಶಾಲೆ, ಇಲ್ಲದಿದ್ದರೆ ಮತ್ತೆ ಕಂಬಳಿ.

ಅಥಣಿಯಲ್ಲಿ ಕ್ಲಬ್ಬಿನವರೊಬ್ಬರ ಮನೆಯಲ್ಲಿ ಇಳಿದೆವು. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ಉಂಡು ನಾನು ಓಣಿಯಲ್ಲಿ ಹಳೆಯ ಸೀರೆ ಕೇಳಲು ಹೋಗಿ ಒಂದು ಕೆಂಪು ಸೀರೆ ತಂದೆ. ಅಷ್ಟರಲ್ಲಿ ದಿಲ್‌ಮಾಯಾ ನಾನು ಹೇಳಿಕೊಡುವ ಮೊದಲೇ ಉಮೇದಿನಲ್ಲಿ ಹೊಲಿಯಲು ಕುಳಿತಿದ್ದಳು. ಮರುದಿನ ಕಬ್ಬಿನ ಗಾಡಿಗಳ ಹಿಂದೆ ಹಿಂದೆ ನಿಧಾನವಾಗಿ ಸಾಗಿ, ಕೃಷ್ಣೆಯನ್ನು ದಾಟಿ ರಾಯಬಾಗ ಮುಟ್ಟಿದೆವು. ಅಲ್ಲಿ ನಾವು ಇಳಿದ ಮನೆಯಾಕೆ ಒಂದು ಹಸಿರು ಸೀರೆ ಕೊಟ್ಟಳು. ಕೌದಿ ಬಿಚ್ಚಿ ಹಾಸಿದರೆ ನಡುವೆ ಪೂರಿಯ ಹಾಗೆ ಉಬ್ಬಿತ್ತು. ಅವಳು ನಡುವಿನಿಂದ ಹೊರಗೆ ಹೊಲಿದಿದ್ದಳು. ನಮ್ಮಲ್ಲಿ ಅಂಚಿನಿಂದ ಸುತ್ತುತ್ತ ಒಳಗೆ ಬರುತ್ತೇವೆ.

"ಪೂರಾ ಬಿಚ್ಚಬೇಕವ್ವಾ," ಎಂದೆ. ಅವಳ ಕಣ್ಣು ತುಂಬಿದವು.

ಆ ಮನೆಯೊಡತಿ ನನ್ನ ಹತ್ತಿರ ಬಾಗಿದಳು. "ನೀವಽ ಹೊಲದು ಕೊಟ್ಟಬಿಡ್ರಿ ಅಕ್ಕಾರ. ಯಾರ ನೋಡಾಕ ಬರ್ತಾರ?"

ನಾನು ಉತ್ತರಿಸುವ ಮೊದಲೇ ದಿಲ್‌ಮಾಯಾ ಅರಿವೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಕನ್ನಡ ಬಾರದಿದ್ದರೂ ಆಕೆಗೆ ತಿಳಿದಿತ್ತು. "ಮೈ ಕರೂಂಗಿ, ಮೌಸಿ," ತಾನೇ ಮಾಡುವೆನೆಂದು ಹಿಂದಿಯಲ್ಲಿ ಹೇಳಿ ದಾರ ಬಿಚ್ಚತೊಡಗಿದಳು.

ಮೂರನೆಯ ದಿನ ಚಿಕ್ಕೋಡಿಯ ನಮ್ಮ ಮನೆಯಲ್ಲಿ ಅವಳು ಅಂಗಳದ ಬಿಸಿಲಿನೊಂದಿಗೆ ಜಾಗ ಬದಲಿಸುತ್ತ ಹೊಲಿದಳು. ಒಳಪದರಿಗೆ ನಿಮ್ಮ ಅಜ್ಜನ ಧೋತರವಿತ್ತು. ಅದು ಸುಕ್ಕಾಗದೆ ಕುಳಿತದ್ದನ್ನು ಕೈಯಾಡಿಸಿ ನೋಡಿದೆ.

ನಿಪ್ಪಾಣಿಯಲ್ಲಿ ಬಸ್ಸಿಳಿಯುತ್ತಲೇ ತಂಬಾಕಿನ ಘಾಟಿಗೆ ಅವಳು ಸೀನಿದಳು. ಸಭೆಯಲ್ಲಿ ಶಾಂತಿನಾಥಣ್ಣ ಕೌದಿ ತಿರುಗಿಸಿ ನೋಡಿದರು. "ಚಂದ ಐತಿ ವೈನಿ. ಖರೇ ಹೇಳ್ರಿ, ಇದು ನಿಮ್ಮ ಕೈಕೆಲಸ ಅಲ್ಲೇನ್ರಿ?"

ಅಷ್ಟು ಜನರ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ. ಆದರೂ ಎದ್ದು ನಿಂತೆ. "ನಡುವ ಒಂದ ಸುತ್ತ ಉಳದೈತ್ರಿ. ನೀವಽ ಕಣ್ಣಿಲೆ ನೋಡ್ರಿ."

ದಿಲ್‌ಮಾಯಾ ಜಮಖಾನೆಯ ಮೇಲೆ ಕುಳಿತಳು. ಸೂಜಿ ಸರಸರ ಓಡಿತು. ಕೌದಿ ಹಸಿದಿರಬಾರದೆಂದು ಕೊನೆಯ ಹೊಲಿಗೆಗೆ ಮುಂಚೆ ಅದರೊಳಗೆ ಒಂದು ತುತ್ತು ಇಡುವುದು ನಮ್ಮ ಪದ್ಧತಿ. ನಾನು ರೊಟ್ಟಿಯ ಚೂರು ಚಾಚಿದೆ. ಅವಳು ತಲೆಯಾಡಿಸಿ, ಸೆರಗಿನ ಗಂಟಿನಿಂದ ತನ್ನೂರಿನ ಅವಲಕ್ಕಿ ತೆಗೆದು ನಾಲ್ಕು ಕಾಳು ಒಳಗಿಟ್ಟು ಕೌದಿಯ ಬಾಯಿ ಹೊಲಿದು ಮುಚ್ಚಿದಳು.

"ಮುಗೀತು!" ಶಾಂತಿನಾಥಣ್ಣ ತೊಡೆ ತಟ್ಟಿದರು. "ಇನ್ನ ಕಂಬಳಿ ಮಾತು ಬ್ಯಾಡ. ಸೂಜಿ, ದಾರ, ಕತ್ರಿ, ಕಲಿಯಾಕ ಒಂದ ಖೋಲಿ, ಎಲ್ಲಾ ನಮ್ಮ ಕ್ಲಬ್ಬಿಂದು!" ಚಪ್ಪಾಳೆಗೆ ದಿಲ್‌ಮಾಯಾ ನನ್ನ ಬೆನ್ನ ಹಿಂದೆ ಅಡಗಿದಳು. ನನಗೆ ಅಡಗಲು ಯಾರೂ ಇರಲಿಲ್ಲ. ನಿಂತೇ ಇದ್ದೆ.

ಸಂಜೆ ಊರಿನ ರೈಲು ಹಿಡಿಯಲೆಂದು ಅವಳನ್ನು ಕೊಲ್ಹಾಪುರದ ಬಸ್ಸಿಗೆ ಹತ್ತಿಸಿದೆ. ಕಂಡಕ್ಟರ್ ಕೌದಿಯತ್ತ ಬೆರಳು ಮಾಡಿದ. "ಇದರ ಲಗೇಜ ಯಾರ ಕೊಡಾವ್ರು?"

"ಹೊದಿಯೂ ಅರಿವೆಗೆ ಎಂಥಾ ಲಗೇಜೋ ತಮ್ಮಾ?" ನನ್ನ ದನಿ ಸ್ಟ್ಯಾಂಡಿಗೆಲ್ಲ ಕೇಳಿಸಿತು. "ಹೊತಗೋ ಬೇಟಿ!"

ಅವಳು ಕೌದಿ ಹೊದ್ದು ಕಿಟಕಿಯ ಪಕ್ಕ ಕುಳಿತಳು. ಕಂಡಕ್ಟರ್ ನಗುತ್ತ ಸೀಟಿ ಊದಿದ. ಹೆದ್ದಾರಿಯ ತಿರುವಿನವರೆಗೂ ಆ ಕಿಟಕಿಯಲ್ಲಿ ಅಥಣಿಯ ಕೆಂಪು, ರಾಯಬಾಗದ ಹಸಿರು ಸೀರೆಯ ತುಂಡುಗಳು ಕಾಣುತ್ತಿದ್ದವು.