ಗಂಟು ಕಟ್ಟಿದ ಗ್ಲೌಸ್

ಕಸದ ಬುಟ್ಟಿಯಲ್ಲಿ ಗಂಟು ಕಟ್ಟಿದ ಗ್ಲೌಸ್ ಕಂಡರೆ ಇವತ್ತಿಗೂ ನಾನು ಸುಮ್ಮನೆ ಮುಂದೆ ಹೋಗಲಾರೆ. ಬಗ್ಗಿ ಒಂದು ಸಲ ಒತ್ತಿ ನೋಡಬೇಕು. ಒಳಗೆ ಗಟ್ಟಿ ಏನೂ ಇಲ್ಲವೆಂದು ಬೆರಳಿಗೆ ಖಾತ್ರಿಯಾದ ಮೇಲೆಯೇ ಕಾಲು ಏಳುವುದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ನೋಡಿ ನಗುತ್ತಾರೆ. ನಗಲಿ. ಅವರು ಆ ಬೇಸಿಗೆಯಲ್ಲಿ ಇರಲಿಲ್ಲ.

ಆ ಬೇಸಿಗೆ ಎಂದರೆ ಕೊರೊನಾ ಎರಡನೇ ಸಲ ಬಂದಾಗಿನದು. ಯಾದಗಿರಿ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ಯಾವ ಆಸ್ಪತ್ರೆ ಅನ್ನುವುದು ಬೇಡ, ತಪ್ಪು ನನ್ನದು, ಆಸ್ಪತ್ರೆಯದಲ್ಲ. ಕಕ್ಕೇರಾ ಕಡೆಯ ಕುರಿ ಕಾಯುವ ಮನೆತನದವಳು ನಾನು. ಹಿಂಡಿನ ಹಿಂದೆ ನಡೆದು ಬೆಳೆದದ್ದಕ್ಕೋ ಏನೋ, ಕುಂತಲ್ಲಿ ಕೂರುವ ಗುಣ ನನಗೆ ಬರಲೇ ಇಲ್ಲ. ‘ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಯಾಳ’ ಎಂದು ಅವ್ವ ಬಯ್ಯುತ್ತಿದ್ದಳು. ಆ ಬೇಸಿಗೆಯಲ್ಲಿ ಚಕ್ರಕ್ಕೆ ಬೆಲೆ ಬಂತು. ಮೈತುಂಬ ಪ್ಲಾಸ್ಟಿಕ್ ಸೂಟು, ಕಣ್ಣಿಗೆ ಮಂಜು ಹಿಡಿದ ಕನ್ನಡಕ, ಆರು ತಾಸು ನೀರಿಲ್ಲ, ಬಯಲಕಡೆಯಿಲ್ಲ. ಉಳಿದವರು ಗೋಡೆಗೆ ಒರಗಿದಾಗಲೂ ನಾನು ಓಡಾಡುತ್ತಿದ್ದೆ. ನಿಂತರೆ ಹೆದರಿಕೆ ಬರುತ್ತಿತ್ತು, ಅದಕ್ಕೆ ನಿಲ್ಲುತ್ತಿರಲಿಲ್ಲ.

ಒಂದು ಜಾಣತನವನ್ನೂ ನಾನೇ ಕಂಡುಹಿಡಿದಿದ್ದೆ. ರೋಗಿಗಳ ಕಾಲುಂಗುರ, ತಾಯತ, ಹಲ್ಲಿನ ಸೆಟ್ಟು ಎಲ್ಲಾದರೂ ಬಿದ್ದು ಕಳೆಯುತ್ತಿದ್ದವು. ಹೊರಗೆ ನಿಂತ ಮನೆಯವರಿಗೆ ಉತ್ತರ ಕೊಡುವುದೇ ಕಷ್ಟ. ಅದಕ್ಕೆ ಒಂದು ಹೊಸ ಗ್ಲೌಸಿನೊಳಗೆ ಹಾಕಿ, ಗಂಟು ಹೊಡೆದು, ಮೇಲೆ ಮಂಚದ ನಂಬರು ಬರೆದು, ಮಂಚದ ಕಂಬಿಗೆ ಕಟ್ಟಿಬಿಡುತ್ತಿದ್ದೆ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಎಲ್ಲರ ಎದುರಿಗೆ ಹೊಗಳಿದರು. ನನಗೂ ಕೋಡು ಮೂಡಿತು.

ಏಳನೇ ಮಂಚದಲ್ಲಿ ದೋರನಹಳ್ಳಿಯ ಒಬ್ಬ ಅಜ್ಜಿ ಇದ್ದಳು, ನಾವೆಲ್ಲ ಆಯಿ ಎನ್ನುತ್ತಿದ್ದೆವು. ಒಕ್ಕಲುತನದ ಮನೆಯ ಯಜಮಾನಿ, ಸಕ್ಕರೆ ಕಾಯಿಲೆ, ಮೂಗಿಗೆ ಆಮ್ಲಜನಕದ ನಳಿಗೆ. ಕೊರಳಲ್ಲಿ ಶಿವದಾರ, ಅದಕ್ಕೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಆಕೆಯ ಲಿಂಗ. ಊಟದ ತಾಟು ಬಂದರೆ ಮೊದಲು ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು, ನೀರಿನ ಬಾಟಲಿಯ ಮುಚ್ಚಳದಲ್ಲಿ ಎರಡು ಹನಿ ಹಾಕಿ, ವಿಭೂತಿ ಹಚ್ಚಿ, ಅನ್ನವನ್ನು ಅದಕ್ಕೆ ತೋರಿಸಿಯೇ ಬಾಯಿಗಿಡುವುದು. ಆಕೆ ಉಂಡು ಮುಗಿಸುವಷ್ಟರಲ್ಲಿ ನಾನು ನಾಲ್ಕು ಜನರ ಬಿಪಿ ನೋಡಿ ಮುಗಿಸುತ್ತಿದ್ದೆ.

ಆ ದಿನ ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ಮುಂಚಿನ ಇನ್ಸುಲಿನ್ ಚುಚ್ಚಿದೆ. ತಾಟು ಇನ್ನೂ ಬಂದಿರಲಿಲ್ಲ, ಎಕ್ಸ್‌ರೇ ಮಷೀನು ಬಂತು. ಎದೆಯ ಮೇಲೆ ಬೆಳ್ಳಿ ಇದ್ದರೆ ಫೋಟೋ ಸರಿಯಾಗಿ ಬರುವುದಿಲ್ಲ.

“ಆಯಿ, ಕರಡಿಗಿ ಸ್ವಲ್ಪ ತೆಗೀಬೇಕ್ರಿ.”

“ತೆಗಿಯಂಗಿಲ್ಲ. ಹೆಣ ಆದ್ರೂ ತೆಗಿಯಂಗಿಲ್ಲ ಇದನ್ನ. ಕೈಯಾಗ ಇಟ್ಟೇ ಮಣ್ಣು ಕೊಡ್ತಾರ.”

“ಎರಡು ನಿಮಿಷದ ಕೆಲಸ ಅದ. ನಾ ಹಿಡಕೋತೀನಿ.”

ಆಕೆ ನನ್ನ ಕಣ್ಣನ್ನೇ ನೋಡಿದಳು. ಕಾಣುವುದು ಅಷ್ಟೇ ತಾನೆ. “ನೀ ಯಾರ ಪೈಕಿ ತಂಗಿ?”

ಎಕ್ಸ್‌ರೇಯವನು ಬಾಗಿಲಲ್ಲಿ ಕಾಲು ಬದಲಿಸುತ್ತಿದ್ದ. ಅವನಿಗೆ ಇನ್ನೂ ಎರಡು ವಾರ್ಡು ಬಾಕಿ ಇತ್ತು.

“ನಿಮ್ಮ ಪೈಕಿನೇ ಅದೀನ್ರಿ.”

“ನಿನ್ನ ಲಿಂಗ?”

“ಒಳಗ ಅದರಿ, ಈ ಸೂಟಿನೊಳಗ.”

ಎಷ್ಟು ಸಲೀಸಾಗಿ ಬಂತು ಸುಳ್ಳು. ಆಕೆ ಶಿವದಾರ ಎತ್ತಿ, ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟಳು. ನಾನು ಎಂದಿನಂತೆ ಗ್ಲೌಸಿಗೆ ಹಾಕಿ ಗಂಟು ಹೊಡೆದೆ. ಅದೇ ಹೊತ್ತಿಗೆ ನಾಲ್ಕನೇ ಮಂಚದ ಮಷೀನು ಕೂಗಿಕೊಂಡಿತು. ನಂಬರು ಬರೆಯುವುದನ್ನು ಬಿಟ್ಟು, ಆಯಿಯ ಕೈಗೆಟುಕದ ಕಾಲುದೆಸೆಯ ಕಂಬಿಗೆ ಒಂದು ಸುತ್ತು ಸುತ್ತಿ ಓಡಿದೆ. ಆ ಗದ್ದಲದಲ್ಲೇ ಎಕ್ಸ್‌ರೇಯವನು ಫೋಟೋ ಹಿಡಿದು ಹೋದ, ಎರಡು ಹೊಡೆಯಿತು. ಮಧ್ಯಾಹ್ನದ ಪಾಳಿಯ ಸಿಸ್ಟರಿಗೆ ನಾಲ್ಕನೇ ಮಂಚದ ಕಥೆ ಹೇಳಿದೆ, ಏಳನೆಯದು ಬಾಯಿಗೆ ಬರಲೇ ಇಲ್ಲ.

ನಮ್ಮನ್ನು ಆಸ್ಪತ್ರೆಯ ಮಗ್ಗುಲಿನ ಹಾಸ್ಟೆಲಿನಲ್ಲಿ ಇಟ್ಟಿದ್ದರು. ಸೂಟು ಬಿಚ್ಚಿ, ಸ್ನಾನಕ್ಕೆ ನಿಂತು, ತಲೆಯ ಮೇಲೆ ಎರಡನೇ ಚೊಂಬು ಸುರಿಯುವಾಗ ನೆನಪಾಯಿತು. ಇನ್ಸುಲಿನ್ ಮೈಯಲ್ಲಿದೆ, ಲಿಂಗ ಮೈಮೇಲಿಲ್ಲ. ಲಿಂಗವಿಲ್ಲದೆ ಆಕೆ ಉಣ್ಣುವವಳಲ್ಲ, ಉಣ್ಣದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಕುತ್ತು. ಸೋಪಿನ ತಲೆಯಲ್ಲೇ ಹೊರಬಂದು ವಾರ್ಡಿಗೆ ಫೋನು ಹಚ್ಚಿದೆ. ಒಳಗಿರುವವರಿಗೆ ಫೋನು ಕೇಳಿಸುವುದೇ ಅಪರೂಪ. ಹಚ್ಚಿದೆ, ಹಚ್ಚಿದೆ, ಕೋಣೆಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದೆ. ಕೊನೆಗೆ ಆ ಸಿಸ್ಟರೇ ಎತ್ತಿದಳು.

“ಏಳನೇ ಮಂಚದ ಆಯಿ ಊಟ ಒಲ್ಲೆ ಅಂತಾಳ. ಸಕ್ರಿ ಇಳ್ಯಾಕತ್ತದ. ಗ್ಲುಕೋಸ್ ಏರಿಸಬೇಕಂದ್ರ ಸೂಜಿ ಹಾಕಿದ ಕೈ ಊದ್ಯಾದ, ಬ್ಯಾರೆ ನರ ಸಿಗವಲ್ದು. ಲಿಂಗ ಕೊಡ್ರಿ ಅಂತ ಒಂದೇ ಸವನ ಹಚ್ಯಾಳ. ಎಲ್ಲಿಟ್ಟೀರಿ?”

“ಮಂಚದ ಕಂಬಿಗಿ ನೋಡ್ರಿ, ಗ್ಲೌಸಿನಾಗ ಕಟ್ಟೀನಿ.”

ಆಕೆ ಮಂಚದ ಕಡೆ ಹೋಗಿ ನೋಡಿ ಬಂದಳು. “ಕಂಬಿಗಿ ಏನಿಲ್ಲಲ್ರಿ. ಈಗರೆ ಕಸ ಬಳದು ಒಯ್ದ್ರು.”

ನಂಬರಿಲ್ಲದ, ಗಂಟು ಹೊಡೆದ ಗ್ಲೌಸು ಯಾರ ಕಣ್ಣಿಗಾದರೂ ಕಸವೇ. ಅಂಥ ಕಸವೆಲ್ಲ ಹಳದಿ ಚೀಲಕ್ಕೆ ಹೋಗುತ್ತದೆ. ಹಳದಿ ಚೀಲ ನಾಲ್ಕು ಗಂಟೆಯ ಗಾಡಿಗೆ, ಗಾಡಿಯಿಂದ ಬೆಂಕಿಗೆ. ಗಡಿಯಾರ ಮೂರು ದಾಟಿತ್ತು.

ನಾನು ಓಡಿದೆ. ಆಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಚೀಲಗಳನ್ನು ಒಟ್ಟಿದ್ದರು. ಕೀಲಿ ಕಸ ತೆಗೆಯುವ ಅಕ್ಕನ ಸೊಂಟದಲ್ಲಿತ್ತು. ಮಾಸ್ಕು, ಎರಡು ಜೊತೆ ಗ್ಲೌಸು, ತಲೆಯಿಂದ ಇನ್ನೂ ಇಳಿಯುತ್ತಿದ್ದ ಸೋಪು, ಇಷ್ಟೇ ನನ್ನ ವೇಷ.

“ಸಿಸ್ಟರ್, ತಲಿ ಗಿಲಿ ಕೆಟ್ಟದೇನ್ರಿ? ಒಳಗ ಸೂಜಿ ಇರ್ತಾವ.”

“ಕೀಲಿ ತೆಗಿ ಅಕ್ಕಾ. ಆಯಿ ಲಿಂಗ ಹೋಗ್ಯಾದ.”

ಅಕ್ಕ ಕೀಲಿ ತೆಗೆದು, ತಾನೂ ಒಂದು ಚೀಲ ಎಳೆದುಕೊಂಡಳು. ಆಗ ತಿಳಿಯಿತು ನನ್ನ ಜಾಣತನದ ಅಳತೆ. ನಾವೆಲ್ಲ ಬಿಚ್ಚಿದ ಗ್ಲೌಸನ್ನು ಒಂದರೊಳಗೊಂದು ಹಾಕಿ ಗಂಟು ಹೊಡೆದೇ ಬಿಸಾಡುವುದು. ಚೀಲದ ತುಂಬ ಬರೀ ಅವೇ. ಒಂದೊಂದನ್ನೂ ಒತ್ತಬೇಕು. ಮೆತ್ತಗೆ, ಮೆತ್ತಗೆ, ಮತ್ತೆ ಮೆತ್ತಗೆ. ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ ಬಾಗಿಲ ಕಡೆ ತಿರುಗಿ ನೋಡುತ್ತಿದ್ದೆ. ನನ್ನ ಮೇಲೆ ನನಗೇ ಸಿಟ್ಟು. ಎರಡು ನಿಮಿಷ ಉಳಿಸಲು ಸುಳ್ಳು ಹೇಳಿದೆ, ಇನ್ನರ್ಧ ನಿಮಿಷ ಉಳಿಸಲು ನಂಬರು ಬರೆಯಲಿಲ್ಲ. ಈಗ ಒಬ್ಬಳ ಜೀವ ಕಸದಲ್ಲಿ ಹುಡುಕುತ್ತಿದ್ದೇನೆ. ಮೂರನೇ ಚೀಲದಲ್ಲಿ ನಿಂಬೆಹಣ್ಣಿನಷ್ಟು ಗಟ್ಟಿ ಬೆರಳಿಗೆ ಸಿಕ್ಕಿತು. ಅಕ್ಕ ‘ಶಿವನೇ’ ಎಂದು ಅಲ್ಲೇ ನೆಲಕ್ಕೆ ಕುಂತಳು. ನನಗೆ ಕೂರಲು ಪುರಸೊತ್ತಿರಲಿಲ್ಲ.

ಒಂದೇ ದಿನ ಎರಡನೇ ಸೂಟು ಹಾಕುವುದು ನಿಯಮವಲ್ಲ. ಹಾಕಿದೆ. ಗ್ಲೌಸು ಹರಿದು, ಕರಡಿಗೆಯನ್ನು ಔಷಧಿಯಲ್ಲಿ ಒರೆಸಿ, ನೀರಲ್ಲಿ ತೊಳೆದು ಒಳಗೆ ಹೋದೆ. ಆಯಿಯ ಹಣೆಯಲ್ಲಿ ಬೆವರು, ಕೈ ನಡುಗುತ್ತಿತ್ತು. ಮಗ್ಗುಲಲ್ಲಿ ಆ ಸಿಸ್ಟರ್ ಸಕ್ಕರೆ ನೀರಿನ ಲೋಟ ಹಿಡಿದು ಬೇಡಿಕೊಳ್ಳುತ್ತಿದ್ದಾಳೆ, ಆಯಿ ಹಲ್ಲು ಕಚ್ಚಿ ಕುಂತಿದ್ದಾಳೆ. ಕರಡಿಗೆ ಕೈಗಿಟ್ಟ ಕೂಡಲೇ ಮುಚ್ಚಳ ತೆಗೆದು ನೋಡಿದಳು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು, ಸಕ್ಕರೆ ನೀರನ್ನು ಅದಕ್ಕೆ ತೋರಿಸಿ, ಗಟಗಟ ಕುಡಿದಳು. ಆಮೇಲೆ ತಣ್ಣಗಾದ ಅನ್ನ. ಅರ್ಧ ತಾಟು ಮುಗಿಯುವಷ್ಟರಲ್ಲಿ ಸಕ್ಕರೆ ಏರಿತು. ನಾನು ಸೂಟಿನೊಳಗೆ ಅತ್ತೆ. ಅಲ್ಲಿ ಕಣ್ಣು ಒರೆಸಿಕೊಳ್ಳಲೂ ಬರುವುದಿಲ್ಲ.

“ಆಯಿ, ಅದು ಕಸದಾಗ ಹೋಗಿತ್ರಿ. ನನ್ನಿಂದ. ನಾ ನಿಮ್ಮ ಪೈಕಿನೂ ಅಲ್ಲ. ಕುರುಬರಾಕಿ ನಾ.”

ಆಕೆ ತುತ್ತು ನುಂಗಿ ಹೇಳಿದಳು. “ಗೊತ್ತಿತ್ತು ಬಿಡು. ನಮ್ಮಾಕಿ ಇದ್ರ ಗ್ಲೌಸಿನಾಗ ಹಾಕಿ ಗಂಟು ಹೊಡಿತಿದ್ದಿಲ್ಲ.”

“ಮತ್ತ ಆಗ್ಲೆ ಯಾಕ ಬಾಯಿ ಬಿಡಲಿಲ್ರಿ?”

“ಬಿಡೋದ್ರಾಗ ನೀ ಎಲ್ಲಿದ್ದಿ? ಓಡಿಬಿಟ್ಟಿದ್ದಿ.”

ನಾನು ತಾಟನ್ನು ಆಕೆಯ ಹತ್ತಿರಕ್ಕೆ ಸರಿಸಿದೆ. ನಿಯಮ ಮುರಿದದ್ದಕ್ಕೆ ಮುಂದೆ ಮೆಮೊ ಬಂತು, ಅದಕ್ಕೆ ಉತ್ತರ ಬರೆದುಕೊಟ್ಟೆ.

ಮೂರು ದಿನದ ಮೇಲೆ ಆಕೆಯ ಉಸಿರು ಮತ್ತೆ ಭಾರವಾಯಿತು. ಸ್ಕ್ಯಾನಿಂಗ್ ಆಗಬೇಕು ಎಂದರು ಡಾಕ್ಟರು. ಗಾಲಿಮಂಚ ತಳ್ಳಿಕೊಂಡು ಹೋದವಳು ನಾನೇ. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ನಿಂತೆವು. ಕರಡಿಗೆ ತೆಗೆಯಿರಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಆಕೆಯೇ ಶಿವದಾರ ಎತ್ತಿದಳು. ಕೈ ಒಡ್ಡಿದೆ. ಆಕೆ ಕೈಗೆ ಕೊಡಲಿಲ್ಲ.

“ಬಗ್ಗು,” ಎಂದಳು.

ಬಗ್ಗಿದೆ. ಪ್ಲಾಸ್ಟಿಕ್ ಟೊಪ್ಪಿಗೆಯ ಮೇಲಿಂದ ಇಳಿಸಿ ನನ್ನ ಕೊರಳಿಗೆ ಹಾಕಿದಳು.

“ನನ್ನ ಕೊಳ್ಳಾಗ ಹಾಕಿದ್ರ ನಡೀತದೇನ್ರಿ ಆಯಿ?”

“ಮೈ ಬಿಟ್ಟು ಇರಬಾರ್ದು ಅಂದಾರ. ಯಾರ ಮೈ ಅಂತ ನನಗ್ಯಾರೂ ಹೇಳಿಲ್ಲ.” ಒಂದು ಉಸಿರು ತಗೊಂಡು ಸೇರಿಸಿದಳು, “ಓಡಬ್ಯಾಡ. ಇಲ್ಲೇ ನಿಂದ್ರು.”

ಬಾಗಿಲು ಮುಚ್ಚಿತು. ಒಳಗೆ ಮಷೀನು ಗುಂಯ್‌ಗುಟ್ಟಿತು. ಯಾರೋ ಕಾರಿಡಾರಿನಿಂದ “ಸಿಸ್ಟರ್, ಬರ್ರಿ” ಎಂದು ಕರೆದರು. ಹೋಗಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು, ಆ ಬಾಗಿಲು ತೆರೆದು ಆಕೆ ಕೊರಳು ಮುಂದೆ ಚಾಚುವವರೆಗೂ ನಾನು ಒಂದು ಹೆಜ್ಜೆ ಕದಲಲಿಲ್ಲ.